ದಾವಣಗೆರೆಗೆ ಲೋಕಸಭಾ ಉಪಚುನಾವಣೆ ಬಂದರೆ: ರಾಜೀನಾಮೆ ಪತ್ರದಿಂದ ಎಣಿಕೆ ಮೇಜಿನವರೆಗೆ

ವಿದ್ಯಾನಗರ
ಕಾಲೇಜಿನ ಮತದಾರರ ಸಾಕ್ಷರತಾ ಸಂಘಕ್ಕೆ ಒಂದು ಸಣ್ಣ ಕೈಪಿಡಿ ಮಾಡ್ತಿದ್ದೀವಿ. ಲೋಕಸಭಾ ಸದಸ್ಯರೊಬ್ಬರು ರಾಜೀನಾಮೆ ಕೊಟ್ಟು ಕ್ಷೇತ್ರ ತೆರವಾದರೆ ಮುಂದೆ ಏನೇನು ನಡೆಯುತ್ತೆ ಅನ್ನೋದು ವಿಷಯ. ಯಾರದೋ ರಾಜೀನಾಮೆಯ ಗಾಳಿಸುದ್ದಿ ಹಿಡ್ಕೊಂಡು ಕೇಳ್ತಿಲ್ಲ, ಉದಾಹರಣೆಗೆ ನಮ್ಮ ಊರನ್ನ ಇಟ್ಕೊಂಡಿದ್ದೀವಿ. ಯಾರು ಗೆಲ್ತಾರೆ, ಯಾವ ಜಾತಿ ಎಷ್ಟು ಅನ್ನೋ ಚರ್ಚೆ ಇಲ್ಲಿ ಬೇಡ. ಕಾನೂನು, ದಿನಾಂಕ, ಫಾರಂ, ಮತಗಟ್ಟೆಯಲ್ಲಿ ಎಲ್ಲಿ ಎಡವುತ್ತಾರೆ ಅನ್ನೋದು ಗೊತ್ತಿರೋರು ದಯವಿಟ್ಟು ಬರೀರಿ.

ಮೊದಲ ಪ್ರಶ್ನೆ: ರಾಜೀನಾಮೆ ಕೊಟ್ಟ ದಿನವೇ ಕ್ಷೇತ್ರ ಖಾಲಿ ಅಂತ ಲೆಕ್ಕವಾ?

ನಿಟ್ಟುವಳ್ಳಿ
ಇಲ್ಲ. ಕೊಟ್ಟ ದಿನ ಬೇರೆ, ಅಂಗೀಕಾರ ಆದ ದಿನ ಬೇರೆ. ಸಂವಿಧಾನದ 101(3)ನೇ ವಿಧಿ ಪ್ರಕಾರ ಪತ್ರ ಸ್ಪೀಕರ್ ಹೆಸರಿಗೆ ಇರಬೇಕು, ಸದಸ್ಯರ ಸಹಿ ಇರಬೇಕು. ಪಕ್ಷದ ಅಧ್ಯಕ್ಷರಿಗೆ ಕೊಟ್ಟ ಪತ್ರಕ್ಕೆ ಇಲ್ಲಿ ಬೆಲೆ ಇಲ್ಲ. ಸ್ವಇಚ್ಛೆಯಿಂದ ಕೊಟ್ಟಿದ್ದು, ಅಸಲಿ ಅಂತ ಸ್ಪೀಕರ್‌ಗೆ ಮನವರಿಕೆ ಆಗಬೇಕು. ಈ ಷರತ್ತು ಸೇರಿದ್ದು 1974ರ 33ನೇ ತಿದ್ದುಪಡಿಯಲ್ಲಿ. ಖುದ್ದಾಗಿ ಹೋಗಿ ಕೊಟ್ಟು, ನಾನೇ ಮನಸಾರೆ ಕೊಡ್ತಿದ್ದೀನಿ ಅಂದರೆ ಸ್ಪೀಕರ್ ಅಲ್ಲೇ ಒಪ್ಪಬಹುದು. ಅಂಚೆಯಲ್ಲೋ ಇನ್ನೊಬ್ಬರ ಕೈಯಲ್ಲೋ ಬಂದಿದ್ದರೆ ವಿಚಾರಿಸಬಹುದು. ಒಪ್ಪೋ ತನಕ ಪತ್ರ ವಾಪಸ್ ತಗೊಳ್ಳೋಕೂ ಅವಕಾಶ ಇದೆ. ಇನ್ನೊಂದು: ಪತ್ರದಲ್ಲಿ ಕಾರಣ ಬರೆಯೋ ಹಾಗಿಲ್ಲ. ಬರೆದಿದ್ದರೆ ಸದನದಲ್ಲಿ ಓದುವಾಗ ಸ್ಪೀಕರ್ ಆ ಸಾಲು ಬಿಡಬಹುದು.

ಅಂಗೀಕಾರದ ದಿನಾಂಕ ಯಾಕೆ ಮುಖ್ಯ ಅಂದರೆ, 1951ರ ಜನಪ್ರತಿನಿಧಿ ಕಾಯ್ದೆಯ 151ಎ ಕಲಂ ಪ್ರಕಾರ ತೆರವಾದ ದಿನದಿಂದ 6 ತಿಂಗಳೊಳಗೆ ಉಪಚುನಾವಣೆ ನಡೀಬೇಕು. ವಿನಾಯಿತಿ ಎರಡೇ. ಉಳಿದ ಅವಧಿ 1 ವರ್ಷಕ್ಕಿಂತ ಕಡಿಮೆ ಇದ್ದರೆ, ಅಥವಾ ಆ ಅವಧಿಯಲ್ಲಿ ನಡೆಸೋದು ಕಷ್ಟ ಅಂತ ಆಯೋಗ ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ.

2018 ನೋಡ್ರಿ. ವಿಧಾನಸಭೆಗೆ ಗೆದ್ದ ಬಿ.ಎಸ್. ಯಡಿಯೂರಪ್ಪ, ಬಿ. ಶ್ರೀರಾಮುಲು, ಸಿ.ಎಸ್. ಪುಟ್ಟರಾಜು ಅವರ ಶಿವಮೊಗ್ಗ, ಬಳ್ಳಾರಿ, ಮಂಡ್ಯ ಲೋಕಸಭಾ ಸ್ಥಾನಗಳು ಮೇ ತಿಂಗಳಲ್ಲಿ ತೆರವಾದವು. ಆಂಧ್ರದ ಐದು ಸಂಸದರು ಅದಕ್ಕೂ ಮೊದಲೇ, ಏಪ್ರಿಲ್‌ನಲ್ಲಿ, ರಾಜೀನಾಮೆ ಕೊಟ್ಟಿದ್ದರು. ಆದರೆ ಅಂಗೀಕಾರ ಆಗಿದ್ದು ಜೂನ್‌ನಲ್ಲಿ. ಆ ಲೋಕಸಭೆಯ ಅವಧಿ 2019ರ ಜೂನ್ 3ಕ್ಕೆ ಮುಗೀತಿತ್ತು. ನಮ್ಮ ಮೂರಕ್ಕೆ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು, ಅವರಿಗೆ ಸ್ವಲ್ಪ ಕಡಿಮೆ. ನಮ್ಮಲ್ಲಿ ಚುನಾವಣೆ ನಡೀತು, ಅಲ್ಲಿ ನಡೀಲಿಲ್ಲ.

ಎಸ್.ಎಸ್. ಬಡಾವಣೆ
ನಿಟ್ಟುವಳ್ಳಿ ಸರ್, ಸಂಸದರು ಶಾಸಕರಾಗಿ ಗೆದ್ದು ಯಾವುದಕ್ಕೂ ರಾಜೀನಾಮೆ ಕೊಡದೆ ಸುಮ್ಮನಿದ್ದರೆ?

ನಿಟ್ಟುವಳ್ಳಿ
ಸುಮ್ಮನಿರೋಕೆ 14 ದಿನ ಮಾತ್ರ. ಶಾಸಕರಾಗಿ ಆಯ್ಕೆ ಆಗಿದ್ದು ರಾಜ್ಯಪತ್ರದಲ್ಲಿ ಪ್ರಕಟ ಆದ ದಿನದಿಂದ 14 ದಿನದೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಸಂಸತ್ ಸ್ಥಾನ ತಾನಾಗಿ ಹೋಗುತ್ತೆ. 1950ರ ನಿಯಮ ಅದು. ಶಾಸಕ ಸ್ಥಾನ ಹೋಗುತ್ತೆ ಅಂತ ಬಹಳ ಜನ ತಿರುಗಾಮುರುಗಾ ತಿಳ್ಕೊಂಡಿದ್ದಾರೆ.

ವಿದ್ಯಾನಗರ
ಧನ್ಯವಾದ ಸರ್. ಈಗ ದಿನಾಂಕಗಳ ಲೆಕ್ಕ ಹೇಳ್ತೀರಾ? ವಿದ್ಯಾರ್ಥಿಗಳು ಹೆಸರು ಸೇರಿಸೋಕೆ ಎಷ್ಟು ದಿನ ಸಿಗುತ್ತೆ ಅನ್ನೋದೇ ನಮಗೆ ಮುಖ್ಯ.

ಹಳೇಪೇಟೆ
ಈ ಚರ್ಚೆಯಲ್ಲಿ ಎಲ್ಲರೂ ಗಮನ ಇಟ್ಟು ಓದಬೇಕಾದ ಭಾಗ ಇದೇ, ಅದಕ್ಕೆ ಉದ್ದ ಬರೀತೀನಿ.

ಅಧಿಸೂಚನೆ ಬಂದ 7ನೇ ದಿನ ನಾಮಪತ್ರಕ್ಕೆ ಕೊನೆ. ಮಾರನೇ ದಿನ ಪರಿಶೀಲನೆ. ಪರಿಶೀಲನೆ ಆದ 2ನೇ ದಿನ ವಾಪಸಾತಿಗೆ ಕೊನೆ. ಅಲ್ಲಿಂದ ಕನಿಷ್ಠ 14 ದಿನ ಬಿಟ್ಟು ಮತದಾನ. ನಡುವೆ ಸಾರ್ವಜನಿಕ ರಜೆ ಬಿದ್ದರೆ ಆ ಹಂತ ಮುಂದಿನ ಕೆಲಸದ ದಿನಕ್ಕೆ ಹೋಗುತ್ತೆ.

ಬಳ್ಳಾರಿ, ಶಿವಮೊಗ್ಗ, ಮಂಡ್ಯದ ವೇಳಾಪಟ್ಟಿಗೆ ಇದನ್ನ ಹೊಂದಿಸಿ ನೋಡ್ರಿ. 2018ರ ಅಕ್ಟೋಬರ್ 6ಕ್ಕೆ ಆಯೋಗ ದಿನಾಂಕ ಪ್ರಕಟಿಸಿತು. 9ಕ್ಕೆ ಅಧಿಸೂಚನೆ, 16ಕ್ಕೆ ನಾಮಪತ್ರ ಕೊನೆ, 17ಕ್ಕೆ ಪರಿಶೀಲನೆ. ಎರಡನೇ ದಿನ ಅಂದರೆ 19, ಅವತ್ತು ವಿಜಯದಶಮಿ, ಹಾಗಾಗಿ ವಾಪಸಾತಿ 20ಕ್ಕೆ ಹೋಯ್ತು. ಅಲ್ಲಿಂದ 14ನೇ ದಿನ ನವೆಂಬರ್ 3, ಮತದಾನ. 6ಕ್ಕೆ ಎಣಿಕೆ.

ಈಗ ಮತದಾರರ ಪಟ್ಟಿಗೆ ಬನ್ನಿ. ನಾಮಪತ್ರದ ಕೊನೆ ದಿನ ಮುಗಿದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರಿಸೋ ಹಾಗಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 23(3) ಹೇಳೋದು ಅದನ್ನೇ. ನಾವು ಅರ್ಜಿ ಹಾಕಿದ ತಕ್ಷಣ ಹೆಸರು ಸೇರಲ್ಲ, ಆಕ್ಷೇಪಣೆಗೆ 7 ದಿನ ಬಿಡಲೇಬೇಕು, ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಮನೆಗೆ ಬಂದು ನೋಡಬೇಕು. ಅದಕ್ಕೇ ನಾಮಪತ್ರದ ಕೊನೆ ದಿನಕ್ಕಿಂತ 10 ದಿನ ಮೊದಲು ಅರ್ಜಿ ಹಾಕಿ ಅಂತ ಹೇಳೋದು. ಅಕ್ಟೋಬರ್ 16ರಿಂದ 10 ದಿನ ಹಿಂದಕ್ಕೆ ಎಣಿಸ್ರಿ. ಅಕ್ಟೋಬರ್ 6. ಅಂದರೆ ಟಿವಿಯಲ್ಲಿ ಚುನಾವಣಾ ದಿನಾಂಕ ಘೋಷಣೆ ಆದ ದಿನವೇ ಅರ್ಜಿಗೂ ಸುರಕ್ಷಿತವಾದ ಕೊನೆ ದಿನ.

ಸಾರ್ವತ್ರಿಕ ಚುನಾವಣೆಗೆ ತಿಂಗಳುಗಟ್ಟಲೆ ಪರಿಷ್ಕರಣೆ, ಜಾಥಾ, ವಿಶೇಷ ಶಿಬಿರ ಎಲ್ಲಾ ಇರುತ್ತೆ. ಉಪಚುನಾವಣೆಗೆ ಆ ಪುರಸೊತ್ತು ಇಲ್ಲ. ಕೈಪಿಡಿಯ ಮೊದಲ ಪುಟದಲ್ಲಿ ಇದನ್ನೇ ಹಾಕ್ರಿ: ಸ್ಥಾನ ತೆರವಾದ ಸುದ್ದಿ ಬಂದ ವಾರವೇ ಪಟ್ಟಿ ನೋಡಿಕೊಳ್ಳಬೇಕು, ದಿನಾಂಕ ಪ್ರಕಟ ಆಗಲಿ ಅಂತ ಕಾಯಬಾರದು.

ವಿನೋಬನಗರ
ಮನೆ ಬದಲಾಯಿಸಿದವರ ಬಗ್ಗೆ ಬರೀರಿ ಸರ್. ಬಾಡಿಗೆ ಮನೆಗಳಿರೋ ಬಡಾವಣೆಯಲ್ಲಿ ಇದೇ ದೊಡ್ಡ ಗೋಳು. ಎಲ್ಲರೂ 8ಎ ಫಾರಂ ಕೇಳ್ತಾರೆ.

ಹಳೇಪೇಟೆ
8ಎ ಈಗ ಇಲ್ಲ. 2022ರ ಆಗಸ್ಟ್ 1ರಿಂದ ಫಾರಂ ಬದಲಾದವು. ಮೊದಲ ಸಲ ಸೇರೋರಿಗೆ ಫಾರಂ 6. ಮನೆ ಬದಲಾಗಿದ್ದರೆ, ತಿದ್ದುಪಡಿ ಇದ್ದರೆ, ಕಾರ್ಡ್ ಕಳೆದಿದ್ದರೆ ಎಲ್ಲದಕ್ಕೂ ಫಾರಂ 8. ಹೆಸರು ತೆಗೆಯೋಕೆ, ಆಕ್ಷೇಪಣೆಗೆ ಫಾರಂ 7. ನಿಟ್ಟುವಳ್ಳಿಯಿಂದ ವಿದ್ಯಾನಗರಕ್ಕೆ ಹೋಗಿ, ವಿಧಾನಸಭಾ ಕ್ಷೇತ್ರವೇ ದಕ್ಷಿಣದಿಂದ ಉತ್ತರಕ್ಕೆ ಬದಲಾದರೂ ಫಾರಂ 8 ಸಾಕು. ಅಲ್ಲಿ ಹೊಸದಾಗಿ ಫಾರಂ 6 ತುಂಬಿದರೆ ಎರಡು ಕಡೆ ಹೆಸರು ಬೀಳುತ್ತೆ. ಈಗಾಗಲೇ ಹೆಸರು ಇಲ್ಲ ಅಂತ ಸುಳ್ಳು ಘೋಷಣೆ ಕೊಟ್ಟ ಹಾಗೂ ಆಗುತ್ತೆ. ಅದಕ್ಕೆ 1 ವರ್ಷದವರೆಗೆ ಶಿಕ್ಷೆ ಇದೆ.

18 ತುಂಬೋದಕ್ಕೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಡಿಗ್ರಿ ಮೊದಲ ವರ್ಷದ ಮಕ್ಕಳಿಗೆ ಇದನ್ನ ತಪ್ಪದೆ ಹೇಳ್ರಿ ಮೇಡಂ.

ಪಟ್ಟಿಯಲ್ಲಿ ಹುಡುಕುವಾಗ ಪಾಲಿಕೆ ವಾರ್ಡ್ ನಂಬರ್ ಮರೆತುಬಿಡಿ. ಲೋಕಸಭೆಗೆ ಬೇಕಾಗೋದು ವಿಧಾನಸಭಾ ಕ್ಷೇತ್ರದ ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ. ದಾವಣಗೆರೆ ಉತ್ತರ 106, ದಕ್ಷಿಣ 107. ವಾರ್ಡ್ ಚುನಾವಣೆಯಲ್ಲಿ ಮತ ಹಾಕಿದ ಶಾಲೆಗೇ ಈ ಸಲವೂ ಹೋಗಬೇಕು ಅಂತ ಏನಿಲ್ಲ. ಒಂದೇ ಬೀದಿಯ ಎರಡು ಸಾಲು ಎರಡು ಭಾಗದಲ್ಲಿ ಇರಬಹುದು. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೂ ಹೇಳ್ತಾರೆ.

ಆಜಾದ್ ನಗರ
ಒಂದು ಸೇರಿಸ್ತೀನಿ. ಮತಗಟ್ಟೆ ಅಧಿಕಾರಿ ಹತ್ತಿರ ಎಎಸ್‌ಡಿ ಪಟ್ಟಿ ಅಂತ ಇರುತ್ತೆ: ಗೈರುಹಾಜರು, ಸ್ಥಳಾಂತರ, ಮೃತ. ಬಿಎಲ್‌ಒ ಬಂದಾಗ ಮನೆಗೆ ಬೀಗ ಇತ್ತು ಅಂದರೆ ಅದರಲ್ಲಿ ಹೆಸರು ಸೇರಿರಬಹುದು. ಇದನ್ನ ಕೇಳಿ ಎಷ್ಟೋ ಜನ ಮತ ಹಾಕದೆ ವಾಪಸ್ ಹೋಗ್ತಾರೆ, ಹೋಗಬೇಡಿ. ಮುಖ್ಯ ಪಟ್ಟಿಯಲ್ಲಿ ಹೆಸರು ಇದ್ದರೆ ಮತದ ಹಕ್ಕು ಇದ್ದೇ ಇದೆ. ಗುರುತಿನ ದಾಖಲೆ ಚೆನ್ನಾಗಿ ಪರಿಶೀಲಿಸ್ತಾರೆ, ಘೋಷಣೆ ಬರೆಸ್ಕೊಳ್ತಾರೆ, ಮತದಾರರ ಸಹಿ ಪಡೆಯೋ 17ಎ ರಿಜಿಸ್ಟರ್‌ನಲ್ಲಿ ಸಹಿ ಜೊತೆ ಹೆಬ್ಬೆಟ್ಟೂ ಒತ್ತಿಸ್ಕೊಳ್ತಾರೆ, ಆಮೇಲೆ ಬಿಡ್ತಾರೆ. ಮನೆಗೆ ಹಂಚೋ ಮತದಾರರ ಚೀಟಿಯನ್ನ 2019ರಿಂದ ಗುರುತಿನ ದಾಖಲೆ ಅಂತ ಒಪ್ಪಲ್ಲ. ಎಪಿಕ್, ಅಂದರೆ ಮತದಾರರ ಗುರುತಿನ ಕಾರ್ಡ್ ಇಲ್ಲದಿದ್ದರೆ ಆಧಾರ್, ಡಿಎಲ್, ಪ್ಯಾನ್, ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಇಂಥದ್ದು ಒಂದು ಬೇಕು.

ಎಪಿಎಂಸಿ ಯಾರ್ಡ್
ನೀತಿ ಸಂಹಿತೆ ಬಂದರೆ ನಮಗೆ ದುಡ್ಡು ಒಯ್ಯೋದೇ ತಲೆಬೇನೆ. ಮೆಕ್ಕೆಜೋಳ ಮಾರಿದ ರೈತರು 80 ಸಾವಿರ, ಲಕ್ಷ ಹಿಡ್ಕೊಂಡು ಊರಿಗೆ ಹೋಗ್ತಾರೆ. ಚೆಕ್‌ಪೋಸ್ಟ್‌ನಲ್ಲಿ 50 ಸಾವಿರ ದಾಟಿದರೆ ಹಿಡೀತಾರೆ ಅಂತ ಭಯ. ಸರಿಯಾದ ನಿಯಮ ಏನು?

ಶಾಮನೂರು ರಸ್ತೆ
ಆಯೋಗದ ಕಾರ್ಯವಿಧಾನದಲ್ಲಿ 50 ಸಾವಿರದ ಮಾತು ಇರೋದು ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತ ಇರೋ ವಾಹನಕ್ಕೆ, ಅಥವಾ ಪೋಸ್ಟರ್, ಪ್ರಚಾರ ಸಾಮಗ್ರಿ ಇರೋ ವಾಹನಕ್ಕೆ. ಮತದಾರರಿಗೆ ಹಂಚೋಕೆ ಅನ್ನೋ ಅನುಮಾನ ಬಂದರೆ ಜಪ್ತಿ. 10 ಲಕ್ಷಕ್ಕಿಂತ ಹೆಚ್ಚಿದ್ದು, ಅಪರಾಧದ ಅನುಮಾನ ಇಲ್ಲ ಅಂದರೆ ಆದಾಯ ತೆರಿಗೆಯವರಿಗೆ ತಿಳಿಸ್ತಾರೆ. ಆದರೆ ರಸ್ತೆಯಲ್ಲಿ ನಿಂತ ತಂಡ ಎಲ್ಲರನ್ನೂ ನಿಲ್ಲಿಸಿ ಕೇಳುತ್ತೆ. ಹಾಗಾಗಿ ಕಾಗದ ಜೊತೆಗಿರಲಿ.

ರೈತರ ಜೇಬಿನಲ್ಲಿ ಮೂರು ಇರಬೇಕು: ಅವತ್ತಿನ ತಾರೀಖಿನ ಮಾರಾಟದ ಪಟ್ಟಿ, ಅದರಲ್ಲಿ ಚೀಲ, ತೂಕ, ದರ, ಕೈಗೆ ಬಂದ ಮೊತ್ತ ಸ್ಪಷ್ಟವಾಗಿ. ಆಧಾರ್. ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್ ನಮೂದು ಅಥವಾ ಸ್ಲಿಪ್. ಎಡವೋದು ಎಲ್ಲಿ ಅಂದರೆ, ಪಟ್ಟಿ ಅಣ್ಣನ ಹೆಸರಲ್ಲಿ, ದುಡ್ಡು ತಮ್ಮನ ಕೈಯಲ್ಲಿ. ಇಲ್ಲಾ ಮೂರು ಮಂದಿ ರೈತರ ದುಡ್ಡು ಒಬ್ಬನ ಚೀಲದಲ್ಲಿ, ಪಟ್ಟಿ ಒಂದೇ. ದಲಾಲರು ಆ ಒಂದು ತಿಂಗಳಾದರೂ ಪ್ರತಿಯೊಬ್ಬರ ಹೆಸರಿಗೆ ಬೇರೆ ಪಟ್ಟಿ ಬರೆದುಕೊಡಲಿ. ಸಾಧ್ಯವಿದ್ದರೆ ಖಾತೆಗೇ ಹಾಕಲಿ.

ಹಿಡಿದರೆ ರಶೀದಿ ಕೇಳಿ ಪಡೀರಿ, ವಿಡಿಯೊ ಚಿತ್ರೀಕರಣ ಮಾಡಲೇಬೇಕು. ಬಿಡಿಸೋಕೆ ಜಿಲ್ಲಾ ಮಟ್ಟದಲ್ಲಿ ಮೂವರು ಅಧಿಕಾರಿಗಳ ಸಮಿತಿ ಇರುತ್ತೆ: ಜಿಲ್ಲಾ ಪಂಚಾಯತ್ ಸಿಇಒ, ವೆಚ್ಚ ಉಸ್ತುವಾರಿ ನೋಡಲ್ ಅಧಿಕಾರಿ, ಜಿಲ್ಲಾ ಖಜಾನಾಧಿಕಾರಿ. ಜಪ್ತಿಯಾದ ಪ್ರತಿ ಪ್ರಕರಣವನ್ನ ಸಮಿತಿ ತಾನೇ ನೋಡಬೇಕು. ಎಫ್‌ಐಆರ್ ಅಥವಾ ದೂರು ಇಲ್ಲದಿದ್ದರೆ ಮತದಾನ ಆಗಿ 7 ದಿನದ ಮೇಲೆ ಯಾವ ಪ್ರಕರಣವನ್ನೂ ಬಾಕಿ ಇಡೋ ಹಾಗಿಲ್ಲ. ಬಿತ್ತನೆ ಬೀಜಕ್ಕೆ ಅಂತ ಇಟ್ಟ ದುಡ್ಡು ವಾರಗಟ್ಟಲೆ ಸಿಕ್ಕಿಕೊಂಡರೆ ಆ ಮನೆಗೆ ಎಂಥ ಪೆಟ್ಟು ಅಂತ ಗೊತ್ತಲ್ಲ. ಹಿಡಿದ ದಿನವೇ ಸಮಿತಿ ಮುಂದೆ ಕಾಗದ ಇಟ್ಟುಬಿಡಿ.

ಹರಪನಹಳ್ಳಿ
ನಮ್ಮದು ವಿಜಯನಗರ ಜಿಲ್ಲೆ. ಲೋಕಸಭೆಗೆ ಮಾತ್ರ ದಾವಣಗೆರೆ. ನೀತಿ ಸಂಹಿತೆ ನಮಗೂ ಬರುತ್ತಾ? ಬಂದರೆ ತಾಲ್ಲೂಕಿಗೋ, ಜಿಲ್ಲೆಗೋ?

ನಿಟ್ಟುವಳ್ಳಿ
ಬರುತ್ತೆ. ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ: ಜಗಳೂರು, ಹರಪನಹಳ್ಳಿ, ಹರಿಹರ, ದಾವಣಗೆರೆ ಉತ್ತರ, ದಾವಣಗೆರೆ ದಕ್ಷಿಣ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿ. ಜಿಲ್ಲೆ ಬದಲಾದರೂ ಲೋಕಸಭಾ ಗಡಿ ಬದಲಾಗಿಲ್ಲ. ಉಪಚುನಾವಣೆಯಲ್ಲಿ ಕ್ಷೇತ್ರದ ಒಂದು ಭಾಗ ಇರೋ ಜಿಲ್ಲೆಗೆ ಪೂರ್ತಿ ನೀತಿ ಸಂಹಿತೆ ಅನ್ವಯ ಅನ್ನೋದು ಸಾಮಾನ್ಯ ನಿಯಮ. ಕ್ಷೇತ್ರವೇ ರಾಜಧಾನಿ, ಮಹಾನಗರ ಅಥವಾ ನಗರ ಪಾಲಿಕೆಯೊಳಗೆ ಇದ್ದರೆ ಮಾತ್ರ ಆ ಕ್ಷೇತ್ರದ ಮಟ್ಟಿಗೆ. ನಮ್ಮ ಲೋಕಸಭಾ ಕ್ಷೇತ್ರ ಪಾಲಿಕೆ ಗಡಿ ಮೀರಿ ಹಳ್ಳಿಗಳಿಗೆ ಹರಡಿದೆ, ಆ ವಿನಾಯಿತಿ ಸಿಗಲ್ಲ. ಆಗಲೇ ಶುರುವಾದ ಕಾಮಗಾರಿ ನಿಲ್ಲಲ್ಲ, ಹೊಸ ಘೋಷಣೆ, ಹೊಸ ಶಂಕುಸ್ಥಾಪನೆ ಇಲ್ಲ.

ಸಂಸದರ ನಿಧಿ ಬಗ್ಗೆಯೂ ಕೇಳ್ತಾರೆ. ವರ್ಷಕ್ಕೆ 5 ಕೋಟಿ ಅದು. ಸ್ಥಾನ ಖಾಲಿ ಇರೋವಾಗ ಹೊಸ ಕಾಮಗಾರಿ ಶಿಫಾರಸು ಮಾಡೋರು ಇರಲ್ಲ. ಖರ್ಚಾಗದ ಹಣ ಆ ಕ್ಷೇತ್ರದಿಂದ ಮುಂದೆ ಗೆದ್ದು ಬರೋರಿಗೆ ಹೋಗುತ್ತೆ.

ಕೊಂಡಜ್ಜಿ ರಸ್ತೆ
ಪಕ್ಷೇತರರಾಗಿ ನಿಲ್ಲೋ ಯುವಕರು ಕೇಳ್ತಿರ್ತಾರೆ, ನಾಮಪತ್ರದಲ್ಲಿ ಎಲ್ಲಿ ತಪ್ಪಾಗುತ್ತೆ ಅಂತ.

ನಿಟ್ಟುವಳ್ಳಿ
ಲೋಕಸಭೆಗೆ ಫಾರಂ 2ಎ, ಜೊತೆಗೆ ಫಾರಂ 26 ಪ್ರಮಾಣಪತ್ರ (ಅಫಿಡವಿಟ್). ಠೇವಣಿ 25,000, ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಮಾನ್ಯತೆ ಪಡೆದ ಪಕ್ಷಕ್ಕೆ ಸೂಚಕ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕೋರು ಒಬ್ಬರು, ಪಕ್ಷೇತರರಿಗೆ 10 ಮಂದಿ, ಎಲ್ಲರೂ ಇದೇ ಲೋಕಸಭಾ ಕ್ಷೇತ್ರದ ಮತದಾರರಾಗಿರಬೇಕು. ತಪ್ಪು ಹೆಚ್ಚು ಆಗೋದು ಇಲ್ಲೇ. ಹತ್ತರಲ್ಲಿ ಒಬ್ಬರ ಭಾಗ ಸಂಖ್ಯೆಗೆ ವಾರ್ಡ್ ನಂಬರ್ ಬರೆದಿರ್ತಾರೆ, ಇಲ್ಲಾ ಒಬ್ಬರು ಭರಮಸಾಗರ ಕಡೆಯವರು, ಅವರ ಮತ ಚಿತ್ರದುರ್ಗ ಕ್ಷೇತ್ರದ್ದು. ಒಬ್ಬ ಸೂಚಕ ಬಿದ್ದರೆ ಆ ಸೆಟ್ ಬಿತ್ತು. ನಾಲ್ಕು ಸೆಟ್‌ವರೆಗೆ ಕೊಡಬಹುದು, ಬೇರೆ ಬೇರೆ ಸೂಚಕರನ್ನ ಹಾಕಿ ಎರಡಾದರೂ ಕೊಡಿ.

ಅಭ್ಯರ್ಥಿ ದೇಶದ ಯಾವ ಲೋಕಸಭಾ ಕ್ಷೇತ್ರದ ಮತದಾರರಾದರೂ ಆಗಬಹುದು, ಹೊರಗಿನವರಾದರೆ ಪಟ್ಟಿಯ ದೃಢೀಕೃತ ಪ್ರತಿ ಬೇಕು. ಫಾರಂ 26ರಲ್ಲಿ ಒಂದು ಕಲಂ ಕೂಡ ಖಾಲಿ ಬಿಡಬಾರದು. ‘ಇಲ್ಲ’ ಅಂತಾದರೂ ಬರೀಬೇಕು. ಚುನಾವಣಾ ಖರ್ಚಿಗೆ ಬೇರೆ ಬ್ಯಾಂಕ್ ಖಾತೆಯನ್ನ ನಾಮಪತ್ರಕ್ಕೆ ಒಂದು ದಿನ ಮೊದಲೇ ತೆರೆದಿರಬೇಕು. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನಕ್ಕೆ ಮೊದಲೇ ಪ್ರಮಾಣವಚನ ಮುಗಿಸಬೇಕು. ಸಮಯ ಬೆಳಗ್ಗೆ 11ರಿಂದ ಮಧ್ಯಾಹ್ನ 3. ಮೆರವಣಿಗೆಯಲ್ಲಿ ಬಂದು 3 ಗಂಟೆ ದಾಟಿಸಿದರೆ ಯಾರೂ ಉಳಿಸೋಕಾಗಲ್ಲ. ಖರ್ಚಿನ ಮಿತಿ 95 ಲಕ್ಷ, ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹತೆ ಆಗಬಹುದು.

ಠೇವಣಿ ಉಳಿಯೋಕೆ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. 12 ಲಕ್ಷ ಸಿಂಧು ಮತ ಬಿದ್ದರೆ 2 ಲಕ್ಷ ದಾಟಬೇಕು. ನೋಟಾ ಇದರಲ್ಲಿ ಸೇರಲ್ಲ.

ಪಿ.ಜೆ. ಬಡಾವಣೆ
ಮತಗಟ್ಟೆ ಸಿಬ್ಬಂದಿ ತರಬೇತಿ ವಿಷಯ ನಾನು ಬರೀತೀನಿ. ಶಿಕ್ಷಕ, ಶಿಕ್ಷಕಿಯರಿಗೆ ಇದರಿಂದ ಅನುಕೂಲ ಆಗುತ್ತೆ.

7 ಗಂಟೆಗೆ ಮತದಾನ ಅಂದರೆ 5.30ಕ್ಕೆ ಅಣಕು ಮತದಾನ. ಏಜೆಂಟರು ಬಾರದಿದ್ದರೆ 15 ನಿಮಿಷ ಕಾದು ಶುರು ಮಾಡಬೇಕು. ನೋಟಾ ಸೇರಿ ಪ್ರತಿ ಗುಂಡಿಯನ್ನೂ ಒತ್ತಿ, ಕನಿಷ್ಠ 50 ಮತ. ಆಮೇಲೆ ಮತದ ಲೆಕ್ಕ ಇಡೋ ಕಂಟ್ರೋಲ್ ಯೂನಿಟ್‌ನಲ್ಲಿ ಕ್ಲೋಸ್, ರಿಸಲ್ಟ್, ಕ್ಲಿಯರ್, ಇದೇ ಅನುಕ್ರಮ. ವಿವಿಪ್ಯಾಟ್ (ಹಾಕಿದ ಮತವನ್ನ ಚೀಟಿಯಲ್ಲಿ ಮುದ್ರಿಸಿ ತೋರಿಸೋ ಯಂತ್ರ) ಪೆಟ್ಟಿಗೆಯಿಂದ ಚೀಟಿಗಳನ್ನ ತೆಗೆದು, ಹಿಂದೆ ಅಣಕು ಮತದಾನದ ಮೊಹರು ಒತ್ತಿ, ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು.

ತಪ್ಪು ಆಗೋದು ಎರಡು ಕಡೆ. 6.50ಕ್ಕೆ ಸಾಲು ಬೆಳೆದಿರುತ್ತೆ, ಏಜೆಂಟರು ಅವಸರ ಮಾಡ್ತಾರೆ, ಕ್ಲಿಯರ್ ಒತ್ತೋದು ಮರೆತುಹೋಗುತ್ತೆ. ಆಗ ಆ 50 ಮತ ಅಸಲಿ ಮತದ ಜೊತೆ ಸೇರುತ್ತೆ. ಇಲ್ಲಾ ಯಂತ್ರ ಕ್ಲಿಯರ್ ಆಗಿರುತ್ತೆ, ಚೀಟಿ ಪೆಟ್ಟಿಗೆಯಲ್ಲೇ ಉಳಿದಿರುತ್ತೆ. ಕ್ಲಿಯರ್ ಆದ ಮೇಲೆ ಟೋಟಲ್ ಒತ್ತಿ ಸೊನ್ನೆ ಬಂದಿದ್ದನ್ನ ಏಜೆಂಟರಿಗೆ ತೋರಿಸಿ, ಖಾಲಿ ಪೆಟ್ಟಿಗೆಯನ್ನೂ ತೋರಿಸಿ ಸಹಿ ಮಾಡಿಸಿಕೊಂಡರೆ ಎರಡೂ ತಪ್ಪುತ್ತೆ. ಸಂಜೆ ಕೊನೆ ಮತದಾರ ಹೋದ ಮೇಲೆ ಕ್ಲೋಸ್ ಒತ್ತಲೇಬೇಕು. ಒತ್ತದಿದ್ದರೆ ಎಣಿಕೆ ದಿನ ರಿಸಲ್ಟ್ ಗುಂಡಿ ಕೆಲಸ ಮಾಡಲ್ಲ.

ವಿವಿಪ್ಯಾಟ್‌ನ ಕಿಟಕಿ ಪಕ್ಕ, ಬಲ್ಬಿನ ನೇರ ಕೆಳಗೆ ಇಡಬಾರದು. 2018ರ ಮೇ 28ರ ಉಪಚುನಾವಣೆಗಳಲ್ಲಿ ಇದರ ಪರಿಣಾಮ ಕಂಡಿತು. ಬೆಳಕು, ಬಿಸಿಲಿಗೆ ಸಂವೇದಕಗಳು ಕೈಕೊಟ್ಟು ಉತ್ತರ ಪ್ರದೇಶದ ಕೈರಾನಾದಲ್ಲಿ 73 ಕಡೆ, ಮಹಾರಾಷ್ಟ್ರದ ಭಂಡಾರಾ-ಗೊಂದಿಯಾದಲ್ಲಿ 49 ಕಡೆ ಮರುಮತದಾನ ಮಾಡಬೇಕಾಯ್ತು. ಭಂಡಾರಾ-ಗೊಂದಿಯಾ ಕೂಡ ಸಂಸದರ ರಾಜೀನಾಮೆಯಿಂದಲೇ ತೆರವಾಗಿದ್ದ ಕ್ಷೇತ್ರ.

ಮತದಾರರು ಗುಂಡಿ ಒತ್ತೋ ಒಂದು ಬ್ಯಾಲಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಹೆಸರು. ಅಭ್ಯರ್ಥಿಗಳು 15 ದಾಟಿದರೆ ಎರಡನೇದು ಬೇಕು. ಮೇಜಿನ ಮೇಲೆ ಎಡದಿಂದ ಬಲಕ್ಕೆ ಸರಿಯಾದ ಅನುಕ್ರಮದಲ್ಲಿ ಇದೆಯಾ ಅಂತ ಮತದಾನಕ್ಕೆ ಮೊದಲೇ ನೋಡ್ಕೊಳ್ಳಿ.

ಎಲ್‌ಐಸಿ ಕಾಲೋನಿ
ಡ್ಯೂಟಿಗೆ ಹೋದವರ ಮತದ ಗತಿ? ದಾವಣಗೆರೆ ಉತ್ತರದ ಶಿಕ್ಷಕಿಗೆ ಚನ್ನಗಿರಿಯಲ್ಲಿ ಡ್ಯೂಟಿ ಬಿದ್ದರೆ?

ಪಿ.ಜೆ. ಬಡಾವಣೆ
ಎರಡೂ ಒಂದೇ ಲೋಕಸಭಾ ಕ್ಷೇತ್ರ, ಹಾಗಾಗಿ ಸುಲಭ ಅಕ್ಕಾ. ತರಬೇತಿ ದಿನವೇ ಫಾರಂ 12ಎ ತುಂಬಿ ಕರ್ತವ್ಯ ಪ್ರಮಾಣಪತ್ರ, ಅಂದರೆ ಇಡಿಸಿ ತಗೊಂಡರೆ ಡ್ಯೂಟಿ ಇರೋ ಮತಗಟ್ಟೆಯಲ್ಲೇ ಯಂತ್ರದಲ್ಲಿ ಮತ ಹಾಕಬಹುದು. ಮನೆಯಲ್ಲಿ 85 ದಾಟಿದವರು, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರೋರು ಇದ್ದರೆ, ಮನೆಯಿಂದಲೇ ಮತ ಹಾಕೋಕೆ ಫಾರಂ 12ಡಿ. ಅಧಿಸೂಚನೆ ಆದ 5 ದಿನದೊಳಗೆ ಕೊಡಬೇಕು. ಇಲ್ಲೂ ಉಪಚುನಾವಣೆಯ ಅವಸರ ಪೆಟ್ಟು ಕೊಡುತ್ತೆ, ಬಿಎಲ್‌ಒ ಬರಲಿ ಅಂತ ಕೂತರೆ ಐದು ದಿನ ಕಳೆದಿರುತ್ತೆ.

ಎಸ್.ಎಸ್. ಬಡಾವಣೆ
ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಊರಿನ ಮಕ್ಕಳಿಗೆ ರಜೆ ಕೊಡಲ್ಲ, ಅಲ್ಲಿ ಚುನಾವಣೆ ಇಲ್ಲವಲ್ಲ ಅಂತಾರಂತೆ.

ನಿಟ್ಟುವಳ್ಳಿ
ಕೊಡಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ಉಪಚುನಾವಣೆಗೂ ಅನ್ವಯ, ಸಂಬಳ ಸಹಿತ ರಜೆ. ಕ್ಷೇತ್ರದ ಹೊರಗೆ ಕೆಲಸ ಮಾಡ್ತಿದ್ದರೂ ಹೆಸರು ಇಲ್ಲಿನ ಪಟ್ಟಿಯಲ್ಲಿ ಇದ್ದರೆ ಹಕ್ಕಿದೆ ಅಂತ ಆಯೋಗ ಸ್ಪಷ್ಟ ಮಾಡಿದೆ. ದಿನಗೂಲಿಯವರಿಗೂ ಇದೆ. ದಂಡ ಮಾತ್ರ 500 ರೂಪಾಯಿವರೆಗೆ, ಆ ಮೊತ್ತಕ್ಕೆ ಯಾವ ಮಾಲೀಕ ಹೆದರ್ತಾನೆ? ಇದನ್ನ ಏರಿಸಲೇಬೇಕು. ಸದ್ಯಕ್ಕೆ ಪಟ್ಟಿಯ ಪುಟದ ಪ್ರತಿ, ಅಧಿಸೂಚನೆಯ ಪ್ರತಿ ಸೇರಿಸಿ ಒಂದು ವಾರ ಮೊದಲೇ ಬರವಣಿಗೆಯಲ್ಲಿ ರಜೆ ಕೇಳಲಿ.

ವಿದ್ಯಾನಗರ
ಎಣಿಕೆ ಬಗ್ಗೆ ಒಂದು ಪ್ಯಾರಾ ಸಾಕು.

ಹಳೇಪೇಟೆ
ನಮ್ಮಲ್ಲಿ ಎಣಿಕೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರೋ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ನಡೆದಿದೆ. 8ಕ್ಕೆ ಅಂಚೆ ಮತ, 8.30ಕ್ಕೆ ಯಂತ್ರ. ಒಂದು ವಿಧಾನಸಭಾ ಕ್ಷೇತ್ರಕ್ಕೆ 14 ಮೇಜು, 240 ಮತಗಟ್ಟೆ ಅಂತ ಇಟ್ಕೊಂಡರೆ 18 ಸುತ್ತು. ಕೊನೆಗೆ ಪ್ರತಿ ವಿಧಾನಸಭಾ ಕ್ಷೇತ್ರದಿಂದ ಚೀಟಿ ಎತ್ತಿ 5 ಮತಗಟ್ಟೆಯ ವಿವಿಪ್ಯಾಟ್ ಎಣಿಕೆ, ನಮ್ಮ ಎಂಟಕ್ಕೆ 40.

ಅಣಕು ಮತ ಅಳಿಸದ ಯಂತ್ರ, 17ಸಿ ಲೆಕ್ಕಕ್ಕೆ (ಮತಗಟ್ಟೆಯಲ್ಲಿ ಬರೆದುಕೊಟ್ಟ ಬಿದ್ದ ಮತಗಳ ಲೆಕ್ಕ) ತಾಳೆ ಆಗದ ಯಂತ್ರ ಬದಿಗಿಡ್ತಾರೆ. 2025ಕ್ಕೆ ಮೊದಲು, ಗೆಲುವಿನ ಅಂತರ ಆ ಯಂತ್ರಗಳ ಒಟ್ಟು ಮತಕ್ಕಿಂತ ಹೆಚ್ಚಿದ್ದರೆ ಅವನ್ನ ಬಿಟ್ಟೇ ಘೋಷಣೆ ಮಾಡ್ತಿದ್ದರು. ಈಗ ಅಂಥ ಯಂತ್ರಗಳ ವಿವಿಪ್ಯಾಟ್ ಚೀಟಿ ಎಣಿಸಲೇಬೇಕು. 2024ರಲ್ಲಿ ಇಲ್ಲಿ ಅಂತರ 26,094. ಆದರೆ 2009ರಲ್ಲಿ ಬರೀ 2,024. ಸುಮಾರು 17 ಲಕ್ಷ ಮತದಾರರ ಕ್ಷೇತ್ರದಲ್ಲಿ ಅಷ್ಟು ಸಣ್ಣ ಅಂತರ ಬಂದರೆ, ಪಿ.ಜೆ. ಬಡಾವಣೆಯವರು ಹೇಳಿದ ಕ್ಲಿಯರ್ ಗುಂಡಿ ಮೂರ್ನಾಲ್ಕು ಮತಗಟ್ಟೆಯಲ್ಲಿ ಮರೆತರೂ ಫಲಿತಾಂಶ ರಾತ್ರಿವರೆಗೆ ಎಳೆಯುತ್ತೆ.

ಕೊಂಡಜ್ಜಿ ರಸ್ತೆ
ಗೆದ್ದವರಿಗೆ ಪೂರ್ತಿ 5 ವರ್ಷ ಅಂತ ಕೆಲವರು ತಿಳ್ಕೊಂಡಿದ್ದಾರೆ, ಅದನ್ನೂ ಹಾಕ್ರಿ. ಉಳಿದ ಅವಧಿ ಮಾತ್ರ. ಬಳ್ಳಾರಿಯಲ್ಲಿ 2018ರ ನವೆಂಬರ್‌ನಲ್ಲಿ ವಿ.ಎಸ್. ಉಗ್ರಪ್ಪ 2,43,161 ಮತಗಳಿಂದ ಗೆದ್ದರು. ಆರೇಳು ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ಬಂತು, ವೈ. ದೇವೇಂದ್ರಪ್ಪ ಗೆದ್ದರು.

ಆಜಾದ್ ನಗರ
ಕೊನೆಗೆ ಒಂದು. ಮತಗಟ್ಟೆಗೆ ಹೋದಾಗ ನಿಮ್ಮ ಹೆಸರಲ್ಲಿ ಇನ್ಯಾರೋ ಹಾಕಿ ಹೋಗಿದ್ದರೆ ಏನು ಮಾಡಬೇಕು ಅಂತ ಮಕ್ಕಳು ಕೇಳೇ ಕೇಳ್ತಾರೆ. ಜಗಳ ಬೇಡ, ವಾಪಸ್ಸೂ ಬರಬೇಡಿ. ಗುರುತು ಸಾಬೀತು ಮಾಡಿ, ಪ್ರದತ್ತ ಮತ ಬೇಕು ಅಂತ ಮತಗಟ್ಟೆ ಅಧಿಕಾರಿಯನ್ನ ಕೇಳಿ. ಫಾರಂ 17ಬಿನಲ್ಲಿ ಸಹಿ ಮಾಡಿಸಿಕೊಂಡು ಕಾಗದದ ಮತಪತ್ರ ಕೊಡ್ತಾರೆ. ಪ್ರತಿ ಮತಗಟ್ಟೆಗೂ ಅಂಥ 20 ಮತಪತ್ರ ಕೊಟ್ಟಿರ್ತಾರೆ. ಅದು ಯಂತ್ರದ ಎಣಿಕೆಗೆ ಸೇರಲ್ಲ, ಲಕೋಟೆಯಲ್ಲಿ ಬೇರೆ ಇರುತ್ತೆ. ಆದರೆ ನಾಳೆ ಅಂತರ ಸಣ್ಣದಾಗಿ ಹೈಕೋರ್ಟ್‌ಗೆ ಚುನಾವಣಾ ತಕರಾರು ಅರ್ಜಿ ಹೋದರೆ, ನೀವು ಬಂದಿದ್ದಿರಿ ಅನ್ನೋದಕ್ಕೆ ಇರೋ ದಾಖಲೆ ಆ ಲಕೋಟೆಯೇ.

ವಿದ್ಯಾನಗರ
ಎಲ್ಲಾ ಬರ್ಕೊಂಡೆ. ಹಳೇಪೇಟೆ ಸರ್ ಹೇಳಿದ 10 ದಿನದ ಲೆಕ್ಕ ಮೊದಲ ಪುಟಕ್ಕೆ, ಎಪಿಎಂಸಿ ಪಟ್ಟಿಯ ವಿಷಯ ಬೇರೆ ಹಾಳೆಗೆ ಹಾಕ್ತೀವಿ, ಅದನ್ನ ಯಾರ್ಡ್‌ನಲ್ಲೂ ಹಂಚಬಹುದು. ಕರಡು ಆದಮೇಲೆ ಇಲ್ಲೇ ಹಾಕ್ತೀನಿ, ಫಾರಂ ಸಂಖ್ಯೆಗಳನ್ನ ಇನ್ನೊಂದು ಸಲ ತಿದ್ದಿಕೊಡಿ.